ಶಕುಂತಲಾ ದೇವಿಯವರ ಮರೆತ ಪುಸ್ತಕ ಮತ್ತು ಜೈನಾಗಮದ ತ್ರಿವೇದ ವಿಚಾರ

ಹಲವು ವರ್ಷಗಳ ಹಿಂದಿನ ಮಾತು. ಹೊನ್ನಾವರದ ಕಡೆಯ ಒಂದು ಕಾಲೇಜಿನಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಮಾಡುತ್ತಿದ್ದೆ. ಅರಮನೆಯ ರಾಣಿ ಅಮೃತಮತಿ ಒಂದು ಹಾಡಿಗೆ ಮನಸೋತು, ಕುರೂಪಿಯಾದ ಅಷ್ಟಾವಂಕನ ಬಳಿಗೆ ಹೋಗುವ ಸಂದರ್ಭ. ಕಣ್ಣು ಒಪ್ಪದ್ದನ್ನು ಮನಸ್ಸು ಹೇಗೆ ಒಪ್ಪಿತು ಎಂಬುದು ಆ ಕಾವ್ಯದ ಬಹು ದೊಡ್ಡ ಪ್ರಶ್ನೆ. ಜೈನ ಕವಿಗೆ ಇದು ಕೇವಲ ನಡತೆಯ ವಿಷಯವಲ್ಲ, ಕರ್ಮೋದಯದ ವಿಷಯ. ಹಾಗಾಗಿ ಮೋಹನೀಯ ಕರ್ಮ, ಅದರ ಒಳಭೇದಗಳು, ಅವುಗಳಲ್ಲಿ ಬರುವ ಸ್ತ್ರೀವೇದ, ಪುಂವೇದ, ನಪುಂಸಕವೇದ, ದ್ರವ್ಯವೇದ ಮತ್ತು ಭಾವವೇದಗಳ ಅಂತರ ಇವೆಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದೆ. ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ನಿಂತುಕೊಂಡ. ಭಟ್ಕಳದ ಕಡೆಯಿಂದ ದಿನಾಲೂ ಬಸ್ಸಿನಲ್ಲಿ ಬರುತ್ತಿದ್ದವನು, ಹೆಚ್ಚು ಮಾತಿನವನಲ್ಲ. “ಸರ್, ದ್ರವ್ಯವೇದ ಒಂದು, ಭಾವವೇದ ಇನ್ನೊಂದು ಆದವನು ಏನು ಮಾಡಬೇಕು?” ಎಂದು ಕೇಳಿದ. ನಾನು, “ಅದು ಸಿದ್ಧಾಂತದ ವಿಷಯ, ಪರೀಕ್ಷೆಗೆ ಬರುವುದಿಲ್ಲ” ಎಂದೆ. ಅವನು ತಲೆಯಾಡಿಸಿ ಹೋದ. ಆಮೇಲೆ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ.

ಆ ಪ್ರಶ್ನೆ ಸಿದ್ಧಾಂತದ್ದಾಗಿರಲಿಲ್ಲ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಆ ತಂಡ ಪದವಿ ಮುಗಿಸಿ ಹೋಗಿತ್ತು. ಅಂದು ಕೊಡದ ಉತ್ತರವನ್ನು ಹುಡುಕುತ್ತಾ ಹೋದಾಗ ನನಗೆ ಎದುರಾದವರು, ಬೆಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ತೀರಿಕೊಂಡ, ಜಗತ್ತೆಲ್ಲ ಗಣಿತಕ್ಕಾಗಿ ಮಾತ್ರ ನೆನೆಯುವ ಶಕುಂತಲಾ ದೇವಿಯವರು. ಭಾರತದಲ್ಲಿ ಸಲಿಂಗಪ್ರೇಮಿಗಳ ಪರವಾಗಿ ಬಂದ ಮೊದಮೊದಲ ಗ್ರಂಥ ಅವರದು. 1977ರಲ್ಲಿ ದೆಹಲಿಯ ವಿಕಾಸ್ ಪ್ರಕಾಶನ ಸಂಸ್ಥೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಎಂಬ ಆ ಪುಸ್ತಕದ ಬಗ್ಗೆ, ಅದನ್ನು ಬರೆದ ಜೀವನದ ಬಗ್ಗೆ, ನಮ್ಮ ಆಗಮಗಳು ಅದಕ್ಕೆ ಎಷ್ಟು ಹತ್ತಿರ ಮತ್ತು ಎಷ್ಟು ದೂರ ಎಂಬುದರ ಬಗ್ಗೆ ಈ ಬರಹ.

ಮೊದಲು ಆಗಮದ ಮಾತು. ಇಲ್ಲಿ ‘ವೇದ’ ಎಂದರೆ ಶ್ರುತಿಯಲ್ಲ; ಅನುಭವಕ್ಕೆ ಬರುವ ಕಾಮವಾಂಛೆ. ಪುರುಷನನ್ನು ಬಯಸುವುದು ಸ್ತ್ರೀವೇದದ ಉದಯದಿಂದ, ಸ್ತ್ರೀಯನ್ನು ಬಯಸುವುದು ಪುಂವೇದದ ಉದಯದಿಂದ, ಇಬ್ಬರನ್ನೂ ಬಯಸುವುದು ನಪುಂಸಕವೇದದ ಉದಯದಿಂದ ಎಂದು ಶಾಸ್ತ್ರಕಾರರು ಲಕ್ಷಣ ಹೇಳುತ್ತಾರೆ. ದೇಹದ ಅಂಗರಚನೆ ನಾಮಕರ್ಮದ ಫಲ, ಅದು ದ್ರವ್ಯವೇದ. ಬಯಕೆಯಾದರೋ ಮೋಹನೀಯ ಕರ್ಮದ ಫಲ, ಅದು ಭಾವವೇದ. ಎರಡಕ್ಕೂ ಕಾರಣವಾದ ಕರ್ಮಗಳೇ ಬೇರೆಯಾದ್ದರಿಂದ ಎರಡೂ ಒಂದೇ ದಾರಿಯಲ್ಲಿ ನಡೆಯಲೇಬೇಕೆಂಬ ನಿಯಮವಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ 10ನೆಯ ಶತಮಾನದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಈ ಮಾತನ್ನು ಸ್ಪಷ್ಟವಾಗಿಯೇ ಹೇಳಿದ್ದಾನೆ: ದ್ರವ್ಯವೇದ ಮತ್ತು ಭಾವವೇದಗಳು ಬಹುಮಟ್ಟಿಗೆ ಸಮವಾಗಿರುತ್ತವೆ, ಕೆಲವೆಡೆ ವಿಷಮವಾಗಿರುತ್ತವೆ. ‘ಕೆಲವೆಡೆ ವಿಷಮ’ ಎಂಬುದು ಆಚಾರ್ಯನಿಗೆ ಆಶ್ಚರ್ಯದ ಸಂಗತಿಯಲ್ಲ, ಆಕ್ರೋಶದ ಸಂಗತಿಯೂ ಅಲ್ಲ. ಜೀವಗಳ ಸ್ಥಿತಿಯನ್ನು ಎಣಿಸುವ ಗ್ರಂಥದಲ್ಲಿ ಅದೂ ಒಂದು ಸ್ಥಿತಿ.

ಪಾಶ್ಚಾತ್ಯ ವಿದ್ವಾಂಸರಾದ ಲಿಯೊನಾರ್ಡ್ ಜ್ವಿಲ್ಲಿಂಗ್ ಮತ್ತು ಮೈಕೆಲ್ ಸ್ವೀಟ್ 1996ರಲ್ಲಿ ಪ್ರಕಟಿಸಿದ ದೀರ್ಘ ಲೇಖನವೊಂದು ಈ ತ್ರಿವೇದ ವಿಚಾರವನ್ನೇ ಕುರಿತದ್ದು. ದೇಹದ ಲಿಂಗವನ್ನೂ ಬಯಕೆಯ ಸ್ವರೂಪವನ್ನೂ ಬೇರೆಬೇರೆಯಾಗಿ ಕಂಡ ಜೈನರ ಸೂಕ್ಷ್ಮತೆಯನ್ನು ಅವರು ವಿಶೇಷವಾಗಿ ಗುರುತಿಸಿದ್ದಾರೆ. ಅದರ ಹೆಚ್ಚುಗಾರಿಕೆ ತಿಳಿಯಬೇಕಾದರೆ ಯುರೋಪಿನತ್ತ ನೋಡಬೇಕು. ಕಾರ್ಲ್ ಹೈನ್ರಿಷ್ ಉಲ್ರಿಕ್ಸ್ (1825-1895) ಎಂಬ ಜರ್ಮನ್ ನ್ಯಾಯವಾದಿ 1867ರ ಆಗಸ್ಟ್‌ನಲ್ಲಿ ಮ್ಯೂನಿಕ್ ನಗರದಲ್ಲಿ ನೆರೆದಿದ್ದ ನ್ಯಾಯವಾದಿಗಳ ಮಹಾಸಭೆಯಲ್ಲಿ ಎದ್ದುನಿಂತು, ತನ್ನಂಥವರನ್ನು ಶಿಕ್ಷಿಸುವ ಕಾನೂನು ಅನ್ಯಾಯದ್ದೆಂದು ಹೇಳಲು ಹೊರಟ. ಸಭೆಯ ಗದ್ದಲದಲ್ಲಿ ಅವನ ಮಾತು ಪೂರ್ತಿಯಾಗಲಿಲ್ಲ. ತನ್ನ ಸ್ಥಿತಿಯನ್ನು ವಿವರಿಸಲು ಅವನು ಕಂಡುಕೊಂಡ ಸೂತ್ರ, ಪುರುಷದೇಹದಲ್ಲಿ ನೆಲೆಸಿದ ಸ್ತ್ರೀಮನಸ್ಸು ಎಂಬುದು. ಇದು ದ್ರವ್ಯ-ಭಾವಗಳ ವೈಷಮ್ಯವಲ್ಲದೆ ಮತ್ತೇನು? ಇಂಥವರ ಪರವಾಗಿ ತನ್ನ ಹೆಸರನ್ನು ಬಚ್ಚಿಡದೆ ಮಾತಾಡಿದ ಆಧುನಿಕ ಕಾಲದ ಮೊದಲಿಗನೆಂದು ಚರಿತ್ರೆ ಅವನನ್ನು ಗುರುತಿಸುತ್ತದೆ. ಅವನ ನಂತರ ಮಾಗ್ನುಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ 1897ರಲ್ಲಿ ಬರ್ಲಿನ್‌ನಲ್ಲಿ ಸಂಘ ಕಟ್ಟಿ ಕಾನೂನು ಬದಲಾವಣೆಗೆ ಹೋರಾಡಿದ. 1931ರಲ್ಲಿ ಲೋಕಸಂಚಾರ ಮಾಡುತ್ತಾ ಭಾರತಕ್ಕೂ ಬಂದಿದ್ದ. 1933ರ ಮೇ ತಿಂಗಳಲ್ಲಿ ನಾಜಿಗಳು ಅವನ ಸಂಶೋಧನ ಸಂಸ್ಥೆಯನ್ನು ಧ್ವಂಸ ಮಾಡಿ ಗ್ರಂಥಗಳನ್ನು ಸುಟ್ಟರು.

ಇತ್ತ ನಮ್ಮ ದೇಶಕ್ಕೆ ಈ ವಿಷಯದಲ್ಲಿ ಶಿಕ್ಷೆಯ ಕಾನೂನು ಬಂದದ್ದು ಆಗಮಗಳಿಂದಲ್ಲ, ಮೆಕಾಲೆಯ ಕರಡಿನ ಬೆನ್ನಿಗೆ ರೂಪುಗೊಂಡ 1860ರ ಭಾರತೀಯ ದಂಡಸಂಹಿತೆಯಿಂದ. ಅದರ 377ನೆಯ ಕಲಮು ‘ನಿಸರ್ಗಕ್ರಮಕ್ಕೆ ವಿರುದ್ಧ’ವಾದ ಸಂಭೋಗಕ್ಕೆ ಜೀವಾವಧಿಯವರೆಗೆ ಸೆರೆವಾಸ ವಿಧಿಸಿತು. ಆ ಕಲಮನ್ನು ನಮಗೆ ಕೊಟ್ಟ ಇಂಗ್ಲೆಂಡು ತನ್ನ ನೆಲದಲ್ಲಿ 1967ರಲ್ಲೇ ವಯಸ್ಕರ ಖಾಸಗಿ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಇಲ್ಲಿ ಕಲಮು ಹಾಗೆಯೇ ಉಳಿಯಿತು. ಈ ಹಿನ್ನೆಲೆಯಲ್ಲಿ ಶಕುಂತಲಾ ದೇವಿಯವರ ಪುಸ್ತಕವನ್ನು ಇಟ್ಟು ನೋಡಬೇಕು.

ಶಕುಂತಲಾ ದೇವಿಯವರು ಹುಟ್ಟಿದ್ದು 1929ರ ನವೆಂಬರ್ 4ರಂದು, ಬೆಂಗಳೂರಿನ ಕನ್ನಡ ಬ್ರಾಹ್ಮಣ ಕುಟುಂಬವೊಂದರಲ್ಲಿ. ಮನೆತನದ ಪೌರೋಹಿತ್ಯವನ್ನು ಬಿಟ್ಟು ಸರ್ಕಸ್ ಸೇರಿದ್ದ ತಂದೆ, ಮೂರರ ಪ್ರಾಯದ ಮಗಳಿಗೆ ಇಸ್ಪೀಟೆಲೆಯ ಚಮತ್ಕಾರ ಕಲಿಸುವಾಗ ಅವಳ ಸ್ಮರಣಶಕ್ತಿಯನ್ನು ಗುರುತಿಸಿದರು. ಕ್ರಮವಾದ ಶಾಲಾ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಆರನೆಯ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರದರ್ಶನ ಕೊಟ್ಟ ಹುಡುಗಿ 1944ರಲ್ಲಿ ತಂದೆಯೊಡನೆ ಲಂಡನ್ನಿಗೆ ಹೋದಳು. 1950ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದರಲ್ಲಿ ಅವರು ಕೊಟ್ಟ ಉತ್ತರ, ಸಂಘಟಕರು ಮೊದಲೇ ಸಿದ್ಧಪಡಿಸಿಟ್ಟುಕೊಂಡಿದ್ದ ಉತ್ತರಕ್ಕಿಂತ ಬೇರೆಯಾಗಿತ್ತು. ಮತ್ತೆ ಲೆಕ್ಕ ಹಾಕಿದಾಗ ತಪ್ಪಿದ್ದು ಸಿದ್ಧ ಉತ್ತರವೇ ಎಂದು ತಿಳಿಯಿತು. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಯೂನಿವ್ಯಾಕ್ ಗಣಕಯಂತ್ರಕ್ಕೆ 62 ಸೆಕೆಂಡು ಬೇಕಾಯಿತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿ ಗಿನ್ನೆಸ್ ದಾಖಲೆಗೆ ಸೇರಿದರು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಮೇದಕ್ ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತರು.

1980ರ ದಶಕದಲ್ಲಿ ನಾನು ಕುಮಟಾದಲ್ಲಿ ಪ್ರೌಢಶಾಲೆ ಓದುತ್ತಿದ್ದಾಗ ಲೆಕ್ಕದ ಮಾಸ್ತರು ಈ ಸಂಗತಿಗಳನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಮಗ್ಗಿ ತಪ್ಪಿದವರಿಗೆ “ಶಕುಂತಲಾ ದೇವಿಯ ರಾಜ್ಯದಲ್ಲಿ ಹುಟ್ಟಿ ಹೀಗಾ?” ಎಂದು ಮೂದಲಿಸುತ್ತಿದ್ದರು. ಆದರೆ ಡಲ್ಲಾಸ್‌ನ ಆ 50 ಸೆಕೆಂಡುಗಳ ವರ್ಷದಲ್ಲೇ ಅವರು ಇನ್ನೊಂದು ಪುಸ್ತಕವನ್ನೂ ಬರೆದಿದ್ದರೆಂದು ನಮಗಾರೂ ಹೇಳಲಿಲ್ಲ, ಹೇಳಬಲ್ಲವರಿಗೂ ಗೊತ್ತಿದ್ದಂತಿಲ್ಲ. ಒಂದೇ ವರ್ಷದ ಎರಡು ಕೆಲಸಗಳಲ್ಲಿ ಒಂದನ್ನು ಲೋಕ ಹೊತ್ತು ಮೆರೆಸಿತು, ಇನ್ನೊಂದನ್ನು ಕೈಬಿಟ್ಟಿತು.

ಕೈಬಿಟ್ಟ ಆ ಪುಸ್ತಕದಲ್ಲಿ ಏನಿದೆ? ಮೊದಲಿಗೇ ಲೇಖಕಿ ತಮ್ಮ ಅಧಿಕಾರದ ಮಾತನ್ನು ಇತ್ಯರ್ಥ ಮಾಡುತ್ತಾರೆ. ತಾವು ಸಲಿಂಗಪ್ರೇಮಿಯಲ್ಲ, ಸಮಾಜವಿಜ್ಞಾನಿಯಲ್ಲ, ಮನೋವೈದ್ಯೆಯೂ ಅಲ್ಲ. ಮನುಷ್ಯಳಾಗಿರುವುದೊಂದೇ ಇದನ್ನು ಬರೆಯಲು ತಮಗಿರುವ ಅರ್ಹತೆ ಎಂಬುದು ಅವರ ಅಭಿಪ್ರಾಯದ ತಾತ್ಪರ್ಯ. ನಂತರ ಚರಿತ್ರೆ, ಕಾನೂನು, ಪಾಶ್ಚಾತ್ಯ ದೇಶಗಳ ಸ್ಥಿತಿಗತಿಗಳ ಸಮೀಕ್ಷೆ ಬರುತ್ತದೆ. ಪುಸ್ತಕದ ಜೀವಾಳವೆಂದರೆ ಸಂದರ್ಶನಗಳು. ಭಾರತೀಯ ತರುಣರು ತಮ್ಮ ಬದುಕನ್ನು ತಾವೇ ಹೇಳಿಕೊಳ್ಳುತ್ತಾರೆ. ಆವರೆಗೆ ಪೊಲೀಸ್ ಕಡತಗಳಲ್ಲಿ, ವೈದ್ಯಕೀಯ ಗ್ರಂಥಗಳಲ್ಲಿ ಇನ್ನೊಬ್ಬರ ವಿವರಣೆಗೆ ವಸ್ತುವಾಗಿದ್ದವರು ಇಲ್ಲಿ ಪ್ರಥಮ ಪುರುಷದಿಂದ ಉತ್ತಮ ಪುರುಷಕ್ಕೆ ಬರುತ್ತಾರೆ. ‘ಅವನು’ ಎಂಬುದು ‘ನಾನು’ ಆಗುತ್ತದೆ. ಕೊನೆಗೆ ಲೇಖಕಿ ಕಾನೂನು ಬದಲಾಗಬೇಕೆನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ, ಸಹನೆಯೂ ಅನುಕಂಪವೂ ಸಾಲದು, ಬೇಕಾದದ್ದು ಪೂರ್ಣ ಸ್ವೀಕಾರ ಎನ್ನುತ್ತಾರೆ. ತುರ್ತುಪರಿಸ್ಥಿತಿ ಮುಗಿದ ವರ್ಷದಲ್ಲಿ ಭಾರತದಲ್ಲಿ ಒಬ್ಬ ಹೆಣ್ಣುಮಗಳು ಬರೆದ ಮಾತಿದು.

ನಮ್ಮಂಥ ಓದುಗರಿಗೆ ಬಹು ಮುಖ್ಯವೆನಿಸುವ ಭಾಗ ಇನ್ನೊಂದಿದೆ. ಶ್ರೀರಂಗದ ವೈಷ್ಣವ ದೇವಾಲಯದ ಅರ್ಚಕರೂ ಸಂಸ್ಕೃತ ವಿದ್ವಾಂಸರೂ ಆದ ಒಬ್ಬರನ್ನು ಲೇಖಕಿ ಈ ವಿಷಯವಾಗಿ ಪ್ರಶ್ನಿಸಿದರು. ಅವರು ಸಿಡಿಮಿಡಿಗೊಳ್ಳಲಿಲ್ಲ. ಒಂದೇ ಲಿಂಗದ ಪ್ರೇಮಿಗಳು ಹಿಂದಿನ ಜನ್ಮದಲ್ಲಿ ಗಂಡುಹೆಣ್ಣಾಗಿ ಪ್ರೀತಿಸಿದವರಿರಬೇಕು, ದೇಹದ ಲಿಂಗ ಬದಲಾದರೂ ಆತ್ಮ ಬದಲಾಗದು, ಹಳೆಯ ಪ್ರೀತಿಯೇ ಅವರನ್ನು ಮತ್ತೆ ಕೂಡಿಸುತ್ತದೆ ಎಂಬ ಅರ್ಥದ ವಿವರಣೆ ಕೊಟ್ಟರು. ಜೈನ ದೃಷ್ಟಿಯಿಂದ ಈ ವಿವರಣೆಯನ್ನು ಹಾಗೆಯೇ ಒಪ್ಪಲಾಗದು. ನಮ್ಮಲ್ಲಿ ಕಾರಣವಾಗುವುದು ವೇದಕರ್ಮದ ಉದಯವೇ ಹೊರತು ಇಬ್ಬರ ನಡುವಿನ ಹಳೆಯ ಬಂಧ ಮಾತ್ರವಲ್ಲ. ಆದರೂ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಜನ್ಮಾಂತರವನ್ನು ನಂಬುವ ಯಾವ ದರ್ಶನವೂ ದೇಹವನ್ನೇ ಕೊನೆಯ ಸತ್ಯವೆಂದು ಹೇಳಲಾರದು. ಕಾನೂನಿಗೆ ಒದಗದ ಉದಾರತೆ ಆ ಅರ್ಚಕರಿಗೆ ಒದಗಿದ್ದು ಈ ನಂಬಿಕೆಯಿಂದ.

ಇನ್ನು ಲೇಖಕಿಯ ಪ್ರೇರಣೆಯ ವಿಚಾರ. 2001ರ ‘ಫಾರ್ ಸ್ಟ್ರೇಟ್ಸ್ ಓನ್ಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಶಕುಂತಲಾ ದೇವಿಯವರೇ ತಮ್ಮ ದಾಂಪತ್ಯದ ಅನುಭವವನ್ನು ಈ ಪುಸ್ತಕಕ್ಕೆ ಪ್ರೇರಣೆಯೆಂದು ಹೇಳಿದರು. 1960ರ ದಶಕದ ಮಧ್ಯದಲ್ಲಿ ಆದ ಆ ಮದುವೆ 1979ರಲ್ಲಿ ವಿಚ್ಛೇದನದಲ್ಲಿ ಮುಗಿದಿತ್ತು. ಅವರ ಮಗಳ ನೆನಪುಗಳನ್ನು ಆಧರಿಸಿ 2020ರಲ್ಲಿ ಬಂದ ಹಿಂದಿ ಚಲನಚಿತ್ರ ಈ ಪ್ರಸಂಗವನ್ನು ಬೇರೆಯದೇ ರೀತಿಯಲ್ಲಿ ಚಿತ್ರಿಸಿತು. ಇಲ್ಲಿ ಸಂಶೋಧಕ ಎಚ್ಚರ ವಹಿಸಬೇಕು. ತನ್ನ ಬಗ್ಗೆ ತಾನೇ ಹೇಳಿಕೊಳ್ಳದ ಇನ್ನೊಬ್ಬ ವ್ಯಕ್ತಿಯ ಒಳಬದುಕನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಸಲಿಂಗಪ್ರೇಮಿಗಳ ಘನತೆಯ ಪರವಾದ ಪುಸ್ತಕವನ್ನು ಓದುತ್ತಲೇ ಆ ಅಪಚಾರವನ್ನು ಮಾಡುವುದಂತೂ ಸಲ್ಲದು. ಕವಿಯ ಜೀವನದಿಂದ ಕಾವ್ಯವನ್ನು ಅಳೆಯಬಾರದೆಂದು ವಿದ್ಯಾರ್ಥಿಗಳಿಗೆ ಬೋಧಿಸುವ ನಾವು, ಹೆಂಗಸೊಬ್ಬಳು ಬರೆದ ವಿಚಾರಗ್ರಂಥವನ್ನು ಮಾತ್ರ ಅವಳ ಸಂಸಾರದ ಕಥೆಯಾಗಿ ಇಳಿಸಿಬಿಡುತ್ತೇವೆ. ಪ್ರೇರಣೆ ಏನೇ ಇರಲಿ, ವಾದ ತನ್ನ ಕಾಲಮೇಲೆ ತಾನು ನಿಂತಿದೆ.

ಶಕುಂತಲಾ ದೇವಿಯವರು ಸಂಘ ಕಟ್ಟಿದವರಲ್ಲ, ಬೀದಿಗಿಳಿದವರಲ್ಲ. ಪುಸ್ತಕಕ್ಕೆ ತಕ್ಕ ಚರ್ಚೆಯೂ ಆಗ ದೊರೆಯಲಿಲ್ಲ. ಸಂಘಟಿತ ಹೋರಾಟ ಮೊಳೆತದ್ದು ಒಂದು ದಶಕಕ್ಕೂ ಹೆಚ್ಚು ಕಾಲದ ನಂತರ. 1990ರಲ್ಲಿ ಅಶೋಕ್ ರಾವ್ ಕವಿಯವರು ಮುಂಬಯಿಯಲ್ಲಿ ‘ಬಾಂಬೆ ದೋಸ್ತ್’ ಪತ್ರಿಕೆ ಆರಂಭಿಸಿದರು. 1991ರಲ್ಲಿ ದೆಹಲಿಯ ಏಡ್ಸ್ ಭೇದಭಾವ ವಿರೋಧಿ ಆಂದೋಲನ ‘ಲೆಸ್ ದ್ಯಾನ್ ಗೇ’ ಎಂಬ ನಾಗರಿಕ ವರದಿಯನ್ನು ತಂದು, 1994ರಲ್ಲಿ 377ನೆಯ ಕಲಮಿನ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಅದೇ ವರ್ಷ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಗುಂಪು ಹುಟ್ಟಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಬಂತು. ಕರ್ನಾಟಕದ ಪಿಯುಸಿಎಲ್ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ವರದಿ ಪ್ರಕಟಿಸಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಾಗ ಶಕುಂತಲಾ ದೇವಿಯವರು ಬದುಕಿದ್ದರು. ತಾವು 32 ವರ್ಷಗಳ ಹಿಂದೆ ಕೊಟ್ಟಿದ್ದ ಉತ್ತರಕ್ಕೆ ನ್ಯಾಯಾಲಯ ಬಂದು ತಲುಪಿದ್ದನ್ನು ಕಂಡರು. 2013ರ ಏಪ್ರಿಲ್ 21ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಲೆಕ್ಕವನ್ನು ಸರಿಪಡಿಸಿತು.

2013ನೆಯ ಇಸವಿ ಕನ್ನಡಕ್ಕೂ ಮುಖ್ಯ. ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು ಆ ವರ್ಷ. ಸಲಿಂಗಪ್ರೇಮಿಯೊಬ್ಬನ ಒಳಬದುಕನ್ನು ಮರೆಮಾಚದೆ ಹೇಳಿದ ಆ ಕಥೆಗಳ ಮೂಲಕ, 1977ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ನಾನು’ ಕನ್ನಡದ ‘ನಾನು’ ಆಗಲು 36 ವರ್ಷ ಹಿಡಿಯಿತು. ಕನ್ನಡತಿಯೊಬ್ಬಳು ಮೊದಲು ತೆರೆದ ಬಾಗಿಲಿಗೆ ಕನ್ನಡ ಇಷ್ಟು ತಡವಾಗಿ ಬಂದದ್ದೇಕೆ ಎಂಬುದು ಸಾಹಿತ್ಯ ಚರಿತ್ರೆಕಾರರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ತ್ರಿವೇದ ವಿಚಾರವನ್ನು ತೋರಿಸಿ ‘ನಮ್ಮ ಪೂರ್ವಿಕರು ಎಲ್ಲವನ್ನೂ ಒಪ್ಪಿದ್ದರು’ ಎಂದು ಬೀಗುವುದು ಸುಲಭ, ಆದರೆ ಅದು ಸತ್ಯವಲ್ಲ. ಪರಂಪರೆ ನಪುಂಸಕರಿಗೆ ದೀಕ್ಷೆಯನ್ನು ನಿರಾಕರಿಸಿತು. ಮೂರು ವೇದಗಳನ್ನು ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆ ಗೂಡಿನ ಬೆಂಕಿ ಎಂದು ಕ್ರಮವಾಗಿ ಪುರುಷ, ಸ್ತ್ರೀ, ನಪುಂಸಕರಿಗೆ ಹಂಚಿ ತರತಮ ಮಾಡಿತು. ಸ್ತ್ರೀಗೆ ಮುಕ್ತಿಯುಂಟೆ ಎಂಬ ಬಗ್ಗೆ ಯಾಪನೀಯ ಸಂಘದ ಶಾಕಟಾಯನ ಪಾಲ್ಯಕೀರ್ತಿ 9ನೆಯ ಶತಮಾನದಲ್ಲಿ ‘ಸ್ತ್ರೀಮುಕ್ತಿ ಪ್ರಕರಣ’ವನ್ನೇ ಬರೆದು ವಾದಿಸಬೇಕಾಯಿತು; ದಿಗಂಬರಾಚಾರ್ಯ ಪ್ರಭಾಚಂದ್ರ ಅದನ್ನು ಖಂಡಿಸಿದ. ಆ ವಾದವಿವಾದದಲ್ಲೂ ದ್ರವ್ಯ-ಭಾವಗಳ ಭೇದವೇ ಮುಖ್ಯ ಆಯುಧವಾಗಿತ್ತು. ಸೂಕ್ಷ್ಮವಾಗಿ ಕಂಡದ್ದೆಲ್ಲ ಕರುಣೆಯಿಂದ ಕಂಡದ್ದಾಗಿರಲಿಲ್ಲ.

ಆದರೂ ಆಗಮದಲ್ಲಿ ಒಂದು ಪಟ್ಟಿಯಿದೆ, ಅದರ ಮೇಲೆ ನಾನು ಬಹುಕಾಲ ಕಣ್ಣಾಡಿಸಿಯೂ ಅದನ್ನು ಓದಿರಲಿಲ್ಲ. ಮೋಹನೀಯ ಕರ್ಮದೊಳಗಿನ ಒಂಬತ್ತು ನೋಕಷಾಯಗಳ ಪಟ್ಟಿ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಸ್ತ್ರೀವೇದ, ಪುಂವೇದ, ನಪುಂಸಕವೇದ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಲೋಕ ಸಹಜವೆನ್ನುವ ಬಯಕೆಯೂ ಅಸಹಜವೆನ್ನುವ ಬಯಕೆಯೂ ಒಂದೇ ಕರ್ಮದ ಒಂದೇ ಸಾಲಿನವು. ಮೂರೂ ಕ್ಷಯವಾಗುವುದು ಅನಿವೃತ್ತಿಕರಣವೆಂಬ ಒಂಬತ್ತನೆಯ ಗುಣಸ್ಥಾನದಲ್ಲೇ. ಅಲ್ಲಿಯವರೆಗೆ ಒಂದು ವೇದದವನು ಇನ್ನೊಂದು ವೇದದವನೆದುರು ಪುಣ್ಯವಂತನೆಂದು ನಿಲ್ಲಲಾರ. ಎರಡು, ಭಿನ್ನ ಬಯಕೆಯವರನ್ನು ಸಮಾಜ ಎದುರುಗೊಳ್ಳುವ ಬಗೆಗಳು ಮೂರು: ನಗುವುದು, ಹೆದರುವುದು, ಹೇಸುವುದು. ಹಾಸ್ಯ, ಭಯ, ಜುಗುಪ್ಸೆಗಳೆಂಬ ಈ ಮೂರೂ ಅದೇ ಪಟ್ಟಿಯಲ್ಲಿವೆ! ಅಂದರೆ ಹೇಸಿಕೊಳ್ಳುವವನು ಯಾರನ್ನು ಹೇಸಿಕೊಳ್ಳುತ್ತಾನೋ ಅವನಷ್ಟೇ ಕರ್ಮಬದ್ಧ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ, ಅಂದರೆ ಹೇಸಿಗೆಯಿಲ್ಲದಿರುವುದು, ಒಂದೆಂಬುದನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು. ಶಕುಂತಲಾ ದೇವಿಯವರು ಕೇಳಿದ ಪೂರ್ಣ ಸ್ವೀಕಾರದವರೆಗೆ ಆಗಮ ಹೋಗುವುದಿಲ್ಲ, ನಿಜ. ಆದರೆ ತಿರಸ್ಕಾರಕ್ಕೆ ಅದು ಆಧಾರವನ್ನೂ ಕೊಡುವುದಿಲ್ಲ.

ಭಟ್ಕಳ ತಾಲೂಕಿನ ಹಾಡುವಳ್ಳಿ, ಶಾಸನಗಳ ಸಂಗೀತಪುರ, ನಮ್ಮ ವ್ಯಾಕರಣ ಪರಂಪರೆಯ ಒಂದು ತೀರ್ಥ. ಆ ಮಠದ ಪರಂಪರೆಯ ಭಟ್ಟಾಕಳಂಕದೇವ 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ. ಸಂಸ್ಕೃತದಲ್ಲಿ ಲಿಂಗ ಶಬ್ದಕ್ಕೆ ಸೇರಿದ್ದು. ಕನ್ನಡದಲ್ಲಿ ಅದು ಅರ್ಥಕ್ಕೆ ಸೇರಿದ್ದು. ಗಂಡಸು ಅವನು, ಹೆಂಗಸು ಅವಳು, ಉಳಿದದ್ದೆಲ್ಲ ಅದು. ನಡುವೆ ನಿಂತವರಿಗೆ ನಮ್ಮ ಏಕವಚನದಲ್ಲಿ ಜಾಗವಿಲ್ಲ. ‘ಅದು’ ಎಂದರೆ ಮನುಷ್ಯತ್ವವೇ ಹೋಯಿತು. ಆದರೆ ಕನ್ನಡ ಗೌರವ ಕೊಡಲು ಹೊರಟಾಗ ಒಂದು ವಿಶೇಷ ನಡೆಯುತ್ತದೆ. ‘ಅವರು’ ಎಂದೊಡನೆ ಗಂಡು ಹೆಣ್ಣೆಂಬ ಭೇದ ಬಿದ್ದುಹೋಗಿ ಮನುಷ್ಯರು ಮಾತ್ರ ಉಳಿಯುತ್ತಾರೆ. ವ್ಯಾಕರಣ ಪಾಠ ಮಾಡುವಾಗ ಈಗ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಅಂದು ಪ್ರಶ್ನೆ ಕೇಳಿದವರು ಈಗ ಎಲ್ಲಿದ್ದಾರೋ ತಿಳಿಯದು. ದ್ರವ್ಯವೇದ ಒಂದು, ಭಾವವೇದ ಇನ್ನೊಂದು ಆದವರು ಏನು ಮಾಡಬೇಕು ಎಂಬ ಅವರ ಪ್ರಶ್ನೆ, ಮಾಡಬೇಕಾದದ್ದೆಲ್ಲ ಅವರದೇ ಎಂಬಂತೆ ಇತ್ತು. ಅದನ್ನು ತಿರುಗಿಸಿ, ಉಳಿದವರು ಏನು ಮಾಡಬೇಕೆಂದು ಕೇಳಿಕೊಳ್ಳಲು ನನಗೆ 1977ರ ಆ ಹಳೆಯ ಪುಸ್ತಕ ಬೇಕಾಯಿತು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಹೇಳಿದ್ದು ತಪ್ಪು. ಅದು ಪರೀಕ್ಷೆಯೇ ಆಗಿತ್ತು. ಅದರಲ್ಲಿ ತಪ್ಪಿದವನು ವಿದ್ಯಾರ್ಥಿಯಲ್ಲ, ಅಧ್ಯಾಪಕ.